ಸಲ್ಲುವ ಕಡತ, ಸಲ್ಲದ ಕಡತ



2002ನೆಯ ಇಸವಿಯಲ್ಲಿ, ಜಗತ್ತಿನ ನಾನಾ ದೇಶಗಳಲ್ಲಿ ಗಣಕಯಂತ್ರವನ್ನು ಬಳಸುತ್ತಿದ್ದ ಅನೇಕರಿಗೆ, ಅಪರಿಚಿತರಿಂದಲ್ಲ, ತಮ್ಮ ಬಂಧುಮಿತ್ರರಿಂದಲೇ ಒಂದು ಇ-ಮೇಲ್ ಬಂದಿತು. ಅದರ ಒಕ್ಕಣೆ ಬಹಳ ವಿನಯದ್ದು. ಕಳುಹಿಸಿದವರ ಯಂತ್ರಕ್ಕೆ ವೈರಸ್ಸೊಂದು ತಗುಲಿದೆಯೆಂದೂ, ವಿಳಾಸಪಟ್ಟಿಯ ಮೂಲಕ ಅದು ಓದುವವರ ಯಂತ್ರಕ್ಕೂ ದಾಟಿರುವ ಸಂಭವವುಂಟೆಂದೂ, ಹದಿನಾಲ್ಕು ದಿನ ಸುಮ್ಮನಿದ್ದು ಆಮೇಲೆ ಹಾನಿಯೆಸಗುವುದೆಂದೂ, ವೈರಸ್ ನಿರೋಧಕ ತಂತ್ರಾಂಶಗಳ ಕಣ್ಣಿಗೆ ಅದು ಬೀಳುವುದಿಲ್ಲವೆಂದೂ ಅದರಲ್ಲಿ ಬರೆದಿತ್ತು. ಪರಿಹಾರವೂ ಜೊತೆಯಲ್ಲಿಯೇ ಇತ್ತು. ಜೆಡಿಬಿಜಿಎಂಜಿಆರ್ ಎಂಬ ಹೆಸರಿನ ಕಡತವನ್ನು ಹುಡುಕಿರಿ, ಸಿಕ್ಕಿದರೆ ಅಳಿಸಿರಿ, ಪರಿಚಯದವರಿಗೆಲ್ಲ ತಿಳಿಸಿರಿ. ಹುಡುಕಿದವರಿಗೆ ಅದು ಸಿಕ್ಕಿತು. ಅದರ ಗುರುತಿನ ಚಿತ್ರವಾಗಿದ್ದುದು ಬೂದುಬಣ್ಣದ ಒಂದು ಪುಟ್ಟ ಕರಡಿಮರಿಯ ಗೊಂಬೆ. ಗಂಭೀರವಾದ ಕಡತಗಳ ಮಧ್ಯೆ ಮಕ್ಕಳ ಆಟಿಕೆ ಕುಳಿತಿರುವುದನ್ನು ಕಣ್ಣಾರೆ ಕಂಡ ಮೇಲೆ ಸಂದೇಹಕ್ಕೆ ಎಡೆಯೆಲ್ಲಿ? ಜನರು ಅಳಿಸಿದರು. ಅಳಿಸಿ, ಪರಿಚಯದವರಿಗೆಲ್ಲ ತಿಳಿಸಿದರು.

ಆ ಕಡತ ವೈರಸ್ ಆಗಿರಲಿಲ್ಲ. ಜಾವಾ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವವರಿಗೆ ದೋಷಶೋಧನೆಯಲ್ಲಿ ನೆರವಾಗುವುದಕ್ಕೆಂದು ವಿಂಡೋಸ್ ವ್ಯವಸ್ಥೆಯೊಡನೆಯೇ ಬಂದಿದ್ದ ಸಾಧುವಾದ ಕಡತ ಅದು. ಅಷ್ಟೊಂದು ಜನರ ಯಂತ್ರದಲ್ಲಿ ಸಿಕ್ಕಿದ್ದೂ ಅದಕ್ಕೇ. ಹಿಂದಿನ ವರ್ಷ, 2001ರಲ್ಲಿ, ಸಲ್ಫ್‌ಎನ್‌ಬಿಕೆ ಎಂಬ ಇನ್ನೊಂದು ಕಡತದ ಮೇಲೆಯೂ ಇಂಥದೇ ಅಪವಾದ ಹುಟ್ಟಿತ್ತು. ಕಡತಗಳ ಉದ್ದನೆಯ ಹೆಸರುಗಳನ್ನು ಕಾಪಿಟ್ಟು ಮರಳಿ ಕೊಡುವುದಷ್ಟೇ ಅದರ ಉದ್ಯೋಗ. ಎರಡು ಸಂದರ್ಭದಲ್ಲಿಯೂ ಹೊರಗಿನಿಂದ ಯಾವ ದುಷ್ಟ ಪ್ರೋಗ್ರಾಮೂ ಬರಲಿಲ್ಲ. ಬಂದದ್ದು ಒಂದು ಮಾತು. ಕೆಲಸ ಮಾಡಿದ್ದು ಯಂತ್ರದ ಒಡೆಯರ ಕೈ.

ಗಣಕಯಂತ್ರದ ಕಾರ್ಯವ್ಯವಸ್ಥೆ ತನ್ನ ಸ್ವಂತ ಉಪಯೋಗಕ್ಕೆಂದು ಇಟ್ಟುಕೊಂಡಿರುವ ಫೋಲ್ಡರುಗಳಲ್ಲಿ ಯಾವ ಕಡತ ಸಲ್ಲತಕ್ಕದ್ದು, ಯಾವುದು ಸಲ್ಲದ್ದು? ಅದನ್ನು ನಿರ್ಣಯಿಸುವ ಬಗೆ ಯಾವುದು? ಇಂದು ತಮ್ಮ ಮುಂದೆ ನಾನು ಇಡಬಯಸುವ ಪ್ರಶ್ನೆ ಇದು. ಉದಾಹರಣೆಗಳನ್ನು ಬಹುಮಟ್ಟಿಗೆ ವಿಂಡೋಸ್ ವ್ಯವಸ್ಥೆಯಿಂದಲೇ ಆರಿಸಿಕೊಳ್ಳುತ್ತೇನೆ. ನಮ್ಮ ಮನೆ, ಕಚೇರಿ, ಬ್ಯಾಂಕುಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ.

ಮೊದಲು ಸ್ಥಳಪರಿಚಯವಾಗಲಿ. ಸಿ ಎಂಬ ಡ್ರೈವಿನಲ್ಲಿ ವಿಂಡೋಸ್ ಎಂಬ ಫೋಲ್ಡರ್ ಇದೆ. ಅದರೊಳಗೆ ಸಿಸ್ಟಮ್ 32 ಎಂಬ ಇನ್ನೊಂದು. ಯಂತ್ರವನ್ನು ಎಬ್ಬಿಸುವುದು, ಪರದೆಯ ಮೇಲೆ ಅಕ್ಷರ ಮೂಡಿಸುವುದು, ಗುಪ್ತಪದವನ್ನು ಪರೀಕ್ಷಿಸುವುದು, ಪ್ರಿಂಟರಿನೊಡನೆ ಮಾತನಾಡುವುದು ಮೊದಲಾದ ಕಾರ್ಯಗಳಿಗೆ ಬೇಕಾದ ಹಲವು ಸಾವಿರ ಕಡತಗಳು ಅಲ್ಲಿ ಕಿಕ್ಕಿರಿದಿವೆ. ಬಹುಪಾಲಿನ ಹೆಸರು ಸ್ವರವಿಲ್ಲದ ವ್ಯಂಜನಗಳ ರಾಶಿ. ಉಚ್ಚರಿಸಲು ಹೊರಟರೆ ನಾಲಗೆ ತೊಡರುತ್ತದೆ. ಆ ಪಟ್ಟಿಯನ್ನು ತೆರೆದು ನೋಡಿದ ಸಾಮಾನ್ಯನಿಗೆ ಎಲ್ಲವೂ ಸಂದೇಹಾಸ್ಪದವಾಗಿ ಕಾಣುವುದು ಸಹಜ. ವಂಚಕರಿಗೆ ಅನುಕೂಲವಾಗಿ ಒದಗಿರುವುದೂ ಈ ಸಹಜವಾದ ಗಾಬರಿಯೇ.

ಹೀಗೆ, ಸಲ್ಲುವ ಕಡತವನ್ನು ಸುಳ್ಳು ಮಾತಿಗೆ ಬಲಿಕೊಟ್ಟವರ ಕಥೆಯನ್ನು ಕೇಳಿದಿರಿ. ಕಡತಗಳು ವಾಸಿಸುವ ಸ್ಥಳವನ್ನೂ ತಿಳಿದಿರಿ. ಈಗ ವಿಪರೀತ ಪ್ರಕರಣಕ್ಕೆ ಬರೋಣ. ಸಲ್ಲದ ಕಡತವೊಂದು ಸಲ್ಲುವ ಹೆಸರನ್ನಿಟ್ಟುಕೊಂಡು ಬಂದರೆ ಏನು ಗತಿ?

2000ನೆಯ ಇಸವಿಯ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ಒಕ್ಕಣೆಯ ಪತ್ರದಲ್ಲಿ ಅಡಗಿ ಲೋಕವನ್ನೆಲ್ಲ ಸುತ್ತಿದ 'ಹುಳು', ಎಂದರೆ ತನ್ನನ್ನು ತಾನೇ ಹರಡಿಕೊಳ್ಳುವ ದುಷ್ಟ ಪ್ರೋಗ್ರಾಮು, ತಮಗೆ ನೆನಪಿರಬಹುದು. ಅದು ಯಂತ್ರವನ್ನು ಹೊಕ್ಕೊಡನೆ ತನ್ನ ಪ್ರತಿಗಳನ್ನು ವಿಂಡೋಸಿನ ಫೋಲ್ಡರುಗಳೊಳಗೆ ಇರಿಸುತ್ತಿತ್ತು. ಒಂದು ಪ್ರತಿಯ ಹೆಸರು ಎಂಎಸ್‌ಕರ್ನೆಲ್32, ಇನ್ನೊಂದರದು ವಿನ್32ಡಿಎಲ್‌ಎಲ್. ವ್ಯವಸ್ಥೆಯ ಸಾಚಾ ಕಡತಗಳಲ್ಲಿ ಕರ್ನೆಲ್32 ಎಂಬುದು ಇದ್ದೇ ಇದೆ. ಅದಕ್ಕೆ ಎರಡಕ್ಷರವನ್ನು ಮುಂದೆ ಸೇರಿಸಿದರೆ ನೋಡಿದವರು ಅದರ ಬಂಧುವೆಂದೇ ತಿಳಿಯುತ್ತಾರೆ. ಗುಟ್ಟನ್ನು ಹೊರಗೆಡಹಬಹುದಾಗಿದ್ದುದು ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಮೂರಕ್ಷರದ ಬಾಲ: ವಿಬಿಎಸ್. ಆದರೆ ವಿಂಡೋಸ್ ಪರಿಚಿತವಾದ ಬಾಲಗಳನ್ನು ನಾವು ಕೇಳದಿದ್ದರೆ ಮರೆಮಾಡಿಯೇ ತೋರಿಸುತ್ತದೆ. ಬಳಕೆದಾರನಿಗೆ ನೋಟ ಚೊಕ್ಕಟವಾಗಿರಲೆಂಬ ಉದ್ದೇಶವಿರಬಹುದು. ನನಗೆ ಅದು ಉಪಕಾರವೆಂದು ತೋರುವುದಿಲ್ಲ. ಕಡತದ ಜಾತಿಯನ್ನು ತಿಳಿಸುವ ಏಕೈಕ ಗುರುತನ್ನು ಮುಚ್ಚಿ, ಸುಲಭವಾಗಿ ಬದಲಾಯಿಸಬಹುದಾದ ಚಿತ್ರವನ್ನು ಎದುರಿಗೆ ಹಿಡಿಯುವುದು ಯಾವ ನ್ಯಾಯ? ಫೋಲ್ಡರಿನ ವ್ಯೂ ಪಟ್ಟಿಯಲ್ಲಿ ಈ ಬಾಲವನ್ನು ತೋರಿಸೆಂದು ಹೇಳುವ ಅವಕಾಶವುಂಟು. ದಯವಿಟ್ಟು ಅದನ್ನು ಬಳಸಿಕೊಳ್ಳಿ.

ಹೆಸರಿನ ವೇಷದಲ್ಲಿ ಇನ್ನೂ ಸೂಕ್ಷ್ಮವಾದ ಬಗೆಗಳಿವೆ. ಎಲ್‌ಎಸ್‌ಎಎಸ್‌ಎಸ್ ಎಂಬ ಕಡತ ನಾವು ಯಂತ್ರದೊಳಗೆ ಪ್ರವೇಶಿಸುವಾಗ ನಮ್ಮ ಗುಪ್ತಪದವನ್ನು ಪರೀಕ್ಷಿಸುವ ದ್ವಾರಪಾಲ. ಅದರ ಮೊದಲಕ್ಷರ ಇಂಗ್ಲಿಷಿನ ಎಲ್, ಸಣ್ಣ ಲಿಪಿಯಲ್ಲಿ. ಅದರ ಬದಲು ದೊಡ್ಡ ಲಿಪಿಯ ಐ ಬರೆದರೆ ಏನಾಗುತ್ತದೆ? ಪರದೆಯ ಮೇಲಿನ ಅನೇಕ ಅಕ್ಷರಶೈಲಿಗಳಲ್ಲಿ ಇವೆರಡೂ ಒಂದೊಂದು ನೆಟ್ಟನೆಯ ಗೆರೆ; ಎಷ್ಟು ದಿಟ್ಟಿಸಿದರೂ ಭೇದ ತಿಳಿಯದು. ಹಾಗೆಯೇ ಎಸ್‌ವಿಸಿಹೋಸ್ಟ್ ಎಂಬ ಪ್ರಸಿದ್ಧ ಕಡತವುಂಟು. ಎರಡನೆಯ ಮೂರನೆಯ ಅಕ್ಷರಗಳನ್ನು ಅದಲುಬದಲು ಮಾಡಿ ಎಸ್‌ಸಿವಿಹೋಸ್ಟ್ ಎಂದು ಬರೆದ ವೇಷಧಾರಿಗಳು ಅನೇಕ.

ಈ ಎಸ್‌ವಿಸಿಹೋಸ್ಟ್ ವಿಷಯದಲ್ಲಿ ಸ್ವಲ್ಪ ನಿಂತು ನೋಡೋಣ. ಜನರಿಗೆ ಅತ್ಯಂತ ಹೆಚ್ಚು ಗಾಬರಿ ಹುಟ್ಟಿಸುವ ಹೆಸರು ಇದು. ವಿಂಡೋಸಿನಲ್ಲಿ ತೆರೆಮರೆಯಲ್ಲಿ ನಡೆಯುವ ಸೇವೆಗಳು ಬಹಳ. ಗಡಿಯಾರವನ್ನು ಸರಿಹೊಂದಿಸುವುದು ಒಂದು ಸೇವೆ, ಧ್ವನಿಯನ್ನು ಹೊರಡಿಸುವುದು ಇನ್ನೊಂದು, ಹೊಸ ಪರಿಷ್ಕರಣಗಳನ್ನು ತರಿಸುವುದು ಮತ್ತೊಂದು. ಇವುಗಳಲ್ಲಿ ಬಹುಪಾಲು ತಾವೇ ಸ್ವತಂತ್ರವಾಗಿ ಓಡಲಾರವು; ಅವುಗಳಿಗೆ ಆಶ್ರಯ ಕೊಟ್ಟು ಓಡಿಸುವುದು ಎಸ್‌ವಿಸಿಹೋಸ್ಟಿನ ಕಾರ್ಯ. ಹಿಂದೆ ಒಂದೊಂದು ಎಸ್‌ವಿಸಿಹೋಸ್ಟಿನಡಿಯಲ್ಲಿ ಹಲವು ಸೇವೆಗಳು ಕೂಡಿಕೊಂಡಿರುತ್ತಿದ್ದವು. 2017ರಲ್ಲಿ ಬಂದ ವಿಂಡೋಸ್ 10ರ ಒಂದು ಪರಿಷ್ಕರಣದಿಂದೀಚೆಗೆ, ಸುಮಾರು ಮೂರೂವರೆ ಗಿಗಾಬೈಟಿಗಿಂತ ಹೆಚ್ಚು ಸ್ಮೃತಿಯುಳ್ಳ ಯಂತ್ರಗಳಲ್ಲಿ, ಬಹುತೇಕ ಪ್ರತಿಯೊಂದು ಸೇವೆಗೂ ಪ್ರತ್ಯೇಕ ಎಸ್‌ವಿಸಿಹೋಸ್ಟ್ ಓಡತೊಡಗಿತು. ಒಂದು ಸೇವೆ ಕೆಟ್ಟರೆ ಉಳಿದವು ಕೆಡಬಾರದೆಂಬುದು ಅದರ ಉದ್ದೇಶ. ಪರಿಣಾಮವಾಗಿ, ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿಯನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದವರಿಗೆ ಒಂದೇ ಹೆಸರು ಹತ್ತಾರು ಸಾಲುಗಳಲ್ಲಿ ಕಾಣಿಸುತ್ತದೆ. ಅದು ರೋಗವಲ್ಲ, ಆರೋಗ್ಯ. ಆದರೆ ಇಂಥ ಜನಜಂಗುಳಿಯಲ್ಲಿಯೇ ಕಳ್ಳನಿಗೆ ಅನುಕೂಲ ಹೆಚ್ಚು. ಮದುವೆಮನೆಯ ಪಂಕ್ತಿಯಲ್ಲಿ ರೇಷ್ಮೆಯ ಶಲ್ಯ ಹೊದ್ದು ಕುಳಿತ ಅಪರಿಚಿತನನ್ನು ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದೂ, ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದೂ ಭಾವಿಸಿ ಇಬ್ಬರೂ ಆದರದಿಂದ ಬಡಿಸುವುದುಂಟಷ್ಟೆ. ಐವತ್ತು ಎಸ್‌ವಿಸಿಹೋಸ್ಟುಗಳ ನಡುವೆ ಐವತ್ತೊಂದನೆಯದಕ್ಕೆ ದೊರೆಯುವುದೂ ಅದೇ ಮರ್ಯಾದೆ.

ಹೆಸರು ಪ್ರಮಾಣವಲ್ಲವೆಂಬುದು ಇಷ್ಟರಿಂದ ಸ್ಪಷ್ಟವಾಗಿದೆ. ಸಾಧುವಿನ ಹೆಸರು ವಿಕಾರವಾಗಿರಬಹುದು, ಖಳನ ಹೆಸರು ಗಂಭೀರವಾಗಿರಬಹುದು. ಹಾಗಾದರೆ ಎರಡನೆಯ ಪ್ರಶ್ನೆ: ಕಡತ ಎಲ್ಲಿದೆ?

ಟಾಸ್ಕ್ ಮ್ಯಾನೇಜರಿನಲ್ಲಿ ಸಂದೇಹ ಬಂದ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದರೆ ಒಂದು ಸಣ್ಣ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ 'ಓಪನ್ ಫೈಲ್ ಲೊಕೇಶನ್' ಎಂಬ ಸಾಲುಂಟು. ಒತ್ತಿರಿ, ಆ ಕಡತ ಇರುವ ಫೋಲ್ಡರು ಎದುರಿಗೆ ಬರುತ್ತದೆ. ಎಸ್‌ವಿಸಿಹೋಸ್ಟ್ ಓಡುತ್ತಿರುವುದು ಸಿಸ್ಟಮ್ 32ರಿಂದಾದರೆ ಸರಿ. ತಾತ್ಕಾಲಿಕ ಕಡತಗಳ ಟೆಂಪ್ ಫೋಲ್ಡರಿನಿಂದಲೋ, ಬಳಕೆದಾರನ ಡೌನ್‌ಲೋಡ್ ಫೋಲ್ಡರಿನಿಂದಲೋ ಆದರೆ ಅದು ವೇಷಧಾರಿಯೆಂದೇ ತಿಳಿಯಬಹುದು. 2003ರ ಆಗಸ್ಟಿನಲ್ಲಿ ಹರಡಿದ ವೆಲ್ಚಿಯಾ ಎಂಬ ಹುಳು ತನ್ನನ್ನು ಡಿಎಲ್‌ಎಲ್‌ಹೋಸ್ಟ್ ಎಂದು ಕರೆದುಕೊಂಡಿತು. ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ, ಅದು ವ್ಯವಸ್ಥೆಯ ಕಡತವೊಂದರ ಸಾಕ್ಷಾತ್ ಹೆಸರು. ಸಾಚಾ ಡಿಎಲ್‌ಎಲ್‌ಹೋಸ್ಟ್ ಇರುವುದು ಸಿಸ್ಟಮ್ 32ರಲ್ಲಿ. ಹುಳು ನೆಲಸಿದ್ದು ಅದರೊಳಗಿನ ವಿನ್ಸ್ ಎಂಬ ಒಳಫೋಲ್ಡರಿನಲ್ಲಿ. ಒಂದೇ ಒಂದು ಮೆಟ್ಟಿಲಿನ ವ್ಯತ್ಯಾಸ. ಇನ್ನೊಂದು ವಿನೋದ: ಈ ವೆಲ್ಚಿಯಾ ತನಗಿಂತ ಮುಂಚೆ ಬಂದಿದ್ದ ಬ್ಲಾಸ್ಟರ್ ಎಂಬ ಹುಳುವನ್ನು ಅಳಿಸಿ, ಯಂತ್ರಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟಿನಿಂದಲೇ ತರಿಸಿ ಹಾಕಲು ಯತ್ನಿಸುತ್ತಿತ್ತು. ಪರೋಪಕಾರದ ಆ ಧಾವಂತದಲ್ಲಿ ಅದು ಜಾಲಗಳನ್ನು ಕಟ್ಟಿಹಾಕಿ ಮಾಡಿದ ಉಪದ್ರವ ಮಾತ್ರ ಅಷ್ಟಿಷ್ಟಲ್ಲ.

ಸ್ಥಳದ ವಿಚಾರದಲ್ಲಿ ಒಂದೆರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಎಕ್ಸ್‌ಪ್ಲೋರರ್ ಎಂಬ ಮುಖ್ಯ ಕಡತದ ಮನೆ ಸಿಸ್ಟಮ್ 32 ಅಲ್ಲ, ಅದರ ಹೊರಗಿನ ವಿಂಡೋಸ್ ಫೋಲ್ಡರು. ನೋಟ್‌ಪ್ಯಾಡಿಗೆ ಬಹುಕಾಲ ಎರಡು ಕಡೆಯೂ ಮನೆಯಿತ್ತು. ವಿನ್‌ಎಸ್‌ಎಕ್ಸ್‌ಎಸ್ ಎಂಬ ಭಂಡಾರದಲ್ಲಿ ವ್ಯವಸ್ಥೆಯ ಕಡತಗಳ ಮೂಲಪ್ರತಿಗಳು ಇರತಕ್ಕವೇ. ಇನ್ನು, 64 ಬಿಟ್ಟಿನ ಯಂತ್ರಗಳಲ್ಲಿ 32 ಬಿಟ್ಟಿನ ಕಡತಗಳಿರುವುದು ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿ. 64 ಬಿಟ್ಟಿನವು ಇರುವುದು ಸಿಸ್ಟಮ್ 32ರಲ್ಲಿ! ಕೇಳಿದವರು ನಾನು ಬಾಯಿತಪ್ಪಿ ಹೇಳಿದೆನೆಂದು ತಿಳಿಯಬಾರದು. ಹಳೆಯ ಪ್ರೋಗ್ರಾಮುಗಳು ಸಿಸ್ಟಮ್ 32 ಎಂಬ ಹೆಸರನ್ನು ತಮ್ಮ ಒಡಲೊಳಗೇ ಬರೆದುಕೊಂಡಿದ್ದುದರಿಂದ ಆ ಹೆಸರನ್ನು ಬದಲಾಯಿಸುವುದು ಮೈಕ್ರೋಸಾಫ್ಟಿಗೆ ಕಷ್ಟವಾಯಿತು. ಹೆಸರು ಹಾಗೆಯೇ ಉಳಿಯಿತು, ಒಳಗಿನ ಸಂಸಾರ ಬದಲಾಯಿತು. ಆದುದರಿಂದ ಎಸ್‌ವಿಸಿಹೋಸ್ಟಿನ ಪ್ರತಿಯೊಂದನ್ನು ಸಿಸ್‌ವಾವ್64ರಲ್ಲಿ ಕಂಡವರು ಹೌಹಾರಬೇಕಾದುದಿಲ್ಲ.

ಹೆಸರನ್ನು ಕೇಳಿದೆವು, ಸ್ಥಳವನ್ನು ನೋಡಿದೆವು. ಆದರೆ ಆಡಳಿತಾಧಿಕಾರವನ್ನು ಕಸಿದುಕೊಂಡ ಖಳನು ಸರಿಯಾದ ಫೋಲ್ಡರಿನೊಳಕ್ಕೇ ನುಗ್ಗಬಲ್ಲ. ಆಗ ಬೇಕಾಗುವುದು ಮೂರನೆಯ ಪ್ರಮಾಣ: ಮುದ್ರೆ.

ತಂತ್ರಾಂಶವನ್ನು ತಯಾರಿಸಿದವರು ಅದರ ಕಡತಗಳಿಗೆ ಡಿಜಿಟಲ್ ಸಹಿ ಹಾಕುವ ರೂಢಿಯುಂಟು. ಇದು ಗಣಿತದಿಂದ ಕಟ್ಟಿದ ಮುದ್ರೆ. ಸಹಿಯಾದ ಮೇಲೆ ಕಡತದ ಒಡಲಿನಲ್ಲಿ ಒಂದಕ್ಷರ ಬದಲಾದರೂ ಮುದ್ರೆ ಒಡೆದುಹೋಗುತ್ತದೆ. ಕಡತದ ಪ್ರಾಪರ್ಟೀಸ್ ತೆರೆದರೆ 'ಡಿಜಿಟಲ್ ಸಿಗ್ನೇಚರ್ಸ್' ಎಂಬ ಪುಟದಲ್ಲಿ ಸಹಿ ಮಾಡಿದವರ ಹೆಸರು ಕಾಣುತ್ತದೆ. ಇಲ್ಲಿ ಅರೆಬರೆ ತಿಳಿದವರು ಎಡವುವುದುಂಟು. ವಿಂಡೋಸಿನ ಎಷ್ಟೋ ಸಾಚಾ ಕಡತಗಳಲ್ಲಿ ಈ ಪುಟವೇ ಇರುವುದಿಲ್ಲ. ಸಹಿಯಿಲ್ಲವೆಂದು ಅದರ ಅರ್ಥವಲ್ಲ. ಆ ಕಡತಗಳ ಗುರುತುಗಳನ್ನೆಲ್ಲ ಒಟ್ಟಿಗೆ ಬರೆದಿಟ್ಟ ಕ್ಯಾಟಲಾಗ್ ಕಡತಗಳು ಕ್ಯಾಟ್‌ರೂಟ್ ಎಂಬ ಫೋಲ್ಡರಿನಲ್ಲಿವೆ. ಮುದ್ರೆ ಬಿದ್ದಿರುವುದು ಆ ಪಟ್ಟಿಗಳ ಮೇಲೆ. ಪ್ರತಿಯೊಂದು ಕಡತದ ಮೇಲೂ ಪ್ರತ್ಯೇಕವಾಗಿ ಮುದ್ರೆಯೊತ್ತುವ ಬದಲು ಪಟ್ಟಿಗೊಂದು ಮುದ್ರೆ. ಅದನ್ನೂ ಸೇರಿಸಿ ಪರೀಕ್ಷಿಸುವ ಸಿಗ್‌ಚೆಕ್ ಎಂಬ ಪುಟ್ಟ ಸಾಧನವೊಂದುಂಟು. ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಎಂಬಿಬ್ಬರು 1996ರಲ್ಲಿ ಆರಂಭಿಸಿದ, 2006ರಲ್ಲಿ ಮೈಕ್ರೋಸಾಫ್ಟಿನ ವಶವಾದ, ಸಿಸ್‌ಇಂಟರ್ನಲ್ಸ್ ಎಂಬ ಸಾಧನಸಂಗ್ರಹದಲ್ಲಿ ಅದು ಉಚಿತವಾಗಿ ದೊರೆಯುತ್ತದೆ.

ಈ ರಸಿನೋವಿಚ್ ಮಹಾಶಯರ ಹೆಸರು ಬಂದುದರಿಂದ ಒಂದು ಪ್ರಸಂಗವನ್ನು ಹೇಳದೆ ಮುಂದುವರಿಯಲಾರೆ. 2005ರಲ್ಲಿ ಅವರು ತಮ್ಮದೇ ಯಂತ್ರವನ್ನು ಪರೀಕ್ಷಿಸುತ್ತಿದ್ದಾಗ ಕಣ್ಣಿಗೆ ಕಾಣದಂತೆ ಅಡಗಿದ್ದ ಕಡತಗಳು ಪತ್ತೆಯಾದವು. ಡಾಲರ್ ಚಿಹ್ನೆ, ಸಿಸ್ ಎಂಬ ಮೂರಕ್ಷರ, ಮತ್ತೆ ಡಾಲರ್ ಚಿಹ್ನೆ: ಈ ಅಂಕಿತದಿಂದ ಆರಂಭವಾಗುವ ಯಾವ ಕಡತವೂ ಯಾರಿಗೂ ಕಾಣದಂತೆ ಒಂದು ಪ್ರೋಗ್ರಾಮು ತೆರೆ ಎಳೆದಿತ್ತು. ಜೊತೆಗೆ ಓಡುತ್ತಿದ್ದ ಸೇವೆಯೊಂದು ತನ್ನನ್ನು 'ಪ್ಲಗ್ ಅಂಡ್ ಪ್ಲೇ ಡಿವೈಸ್ ಮ್ಯಾನೇಜರ್' ಎಂದು ಕರೆದುಕೊಂಡಿತ್ತು. ವಿಂಡೋಸಿನ ಸ್ವಂತ ಸೇವೆಯೆಂದೇ ಯಾರಾದರೂ ತಿಳಿಯಬೇಕು. ಮೂಲವನ್ನು ಹುಡುಕುತ್ತ ಹೋದಾಗ ಅದು ನಿಂತದ್ದು ಹಣ ಕೊಟ್ಟು ಕೊಂಡು ತಂದಿದ್ದ ಸಂಗೀತದ ಸಿಡಿಯೊಂದರ ಬಳಿ. ಹಾಡುಗಳ ನಕಲನ್ನು ತಡೆಯುವುದಕ್ಕಾಗಿ ಸೋನಿ ಬಿಎಂಜಿ ಸಂಸ್ಥೆ ತನ್ನ ಸಿಡಿಗಳಲ್ಲಿ ಇದನ್ನು ಸೇರಿಸಿತ್ತು. ಕೋಲಾಹಲವಾಯಿತು, ಸಿಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು, ನ್ಯಾಯಾಲಯದಲ್ಲಿ ದಾವೆಗಳು ಹೂಡಲ್ಪಟ್ಟವು. ಆಗಂತುಕನು ಕಳ್ಳನೇ ಆಗಿರಬೇಕೆಂಬ ನಿಯಮವಿಲ್ಲ. ಪ್ರತಿಷ್ಠಿತನಾದ ವರ್ತಕನೂ ಆಗಿರಬಹುದು.

ಮುದ್ರೆಯೂ ಕೊನೆಯ ಮಾತಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಹುಳು, ಇರಾನಿನ ಯುರೇನಿಯಂ ಸಂಸ್ಕರಣ ಯಂತ್ರಗಳಿಗೆ ಹಾನಿಮಾಡಿದ್ದರಿಂದ ಇತಿಹಾಸದಲ್ಲಿ ಸ್ಥಾನ ಪಡೆದ ಹುಳು, ತನ್ನ ಎರಡು ಕಡತಗಳನ್ನು ಸಿಸ್ಟಮ್ 32ರೊಳಗಿನ ಡ್ರೈವರ್ಸ್ ಫೋಲ್ಡರಿನಲ್ಲಿಯೇ ಇರಿಸಿತ್ತು. ಎರಡರ ಹೆಸರೂ ಎಂಆರ್‌ಎಕ್ಸ್ ಎಂಬ ಅಕ್ಷರಗಳಿಂದ ಆರಂಭ. ವಿಂಡೋಸಿನ ಸ್ವಂತ ಕಡತಗಳಲ್ಲಿ ಅದೇ ಮೂರಕ್ಷರದಿಂದ ಆರಂಭವಾಗುವವು ಅಲ್ಲಿಯೇ ಇವೆ. ಹೆಸರು ಒಪ್ಪುವಂಥದು, ಸ್ಥಳ ಸರಿಯಾದದ್ದು; ಮುದ್ರೆಯೂ ಸಾಚಾ. ತೈವಾನಿನ ಎರಡು ಪ್ರಸಿದ್ಧ ಸಂಸ್ಥೆಗಳಿಂದ ಕದ್ದ ಕೀಲಿಗಳಿಂದ ಒತ್ತಿದ ಮುದ್ರೆ ಅದು. ಇರಾನ್ ಮತ್ತು ಇಂಡೊನೇಷ್ಯಗಳ ತರುವಾಯ ಹೆಚ್ಚು ಯಂತ್ರಗಳು ಸೋಂಕಿಗೊಳಗಾದುದು ನಮ್ಮ ದೇಶದಲ್ಲಿಯೇ ಎಂದು ಆಗ ಲೆಕ್ಕ ಹಾಕಿದ್ದರು. ಇಂಥದನ್ನು ಮನೆಯಲ್ಲಿ ಕುಳಿತು ಕಂಡುಹಿಡಿಯುವುದು ನಮ್ಮಂಥವರಿಗೆ ಸಾಧ್ಯವಲ್ಲ. ಆದರೆ ಇಂಥದು ನಮ್ಮಂಥವರನ್ನು ಅರಸಿ ಬರುವುದೂ ಅಪರೂಪ.

ಹೆಸರು, ಸ್ಥಳ, ಮುದ್ರೆ: ಈ ಮೂರನ್ನೂ ಹೇಳಿಯಾಯಿತು. ಉಳಿದಿರುವುದು ದಾಖಲೆ. ನಿನ್ನೆ ಇದ್ದ ಕಡತವೇ ಇಂದೂ ಇದೆಯೇ ಎಂದು ತಿಳಿಯುವುದು ಹೇಗೆ?

ಯಾವುದೇ ಕಡತವನ್ನು ಒಂದು ಗಣಿತಸೂತ್ರದ ಮೂಲಕ ಹಾಯಿಸಿದರೆ ಅದಕ್ಕೇ ವಿಶಿಷ್ಟವಾದ ಒಂದು ಅಂಕಮಾಲೆ ಹೊರಬರುತ್ತದೆ. ಇದನ್ನು ಹ್ಯಾಶ್ ಎನ್ನುತ್ತಾರೆ. ಇಂದು ಪ್ರಚಾರದಲ್ಲಿರುವ ಒಂದು ಸೂತ್ರದಲ್ಲಿ ಈ ಮಾಲೆಗೆ 64 ಅಕ್ಷರ. ಕಡತ ದೊಡ್ಡದಿರಲಿ ಸಣ್ಣದಿರಲಿ, ಮಾಲೆಯ ಉದ್ದ ಒಂದೇ. ಕಡತದಲ್ಲಿ ಎಳ್ಳಷ್ಟು ಬದಲಾದರೂ ಮಾಲೆ ಪೂರ್ತಿ ಬದಲಾಗುತ್ತದೆ. 1992ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಜೀನ್ ಕಿಮ್ ಎಂಬ ವಿದ್ಯಾರ್ಥಿ, ತನ್ನ ಗುರು ಯೂಜೀನ್ ಸ್ಪ್ಯಾಫರ್ಡರ ಜೊತೆಯಲ್ಲಿ, ಯುನಿಕ್ಸ್ ಯಂತ್ರಗಳಿಗಾಗಿ ಟ್ರಿಪ್‌ವೈರ್ ಎಂಬ ಸಾಧನವನ್ನು ರಚಿಸಿದನು. ಯಂತ್ರ ಸ್ವಸ್ಥವಾಗಿದ್ದಾಗಲೇ ವ್ಯವಸ್ಥೆಯ ಕಡತಗಳ ಅಂಕಮಾಲೆಗಳನ್ನು ಬರೆದಿಟ್ಟುಕೊಂಡು, ಆಮೇಲೆ ಆಗಾಗ ಹೋಲಿಸಿ ನೋಡುವುದು ಅದರ ಕ್ರಮ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಇದೇ ತತ್ತ್ವದ ಮೇಲೆ ಪ್ರಸಿದ್ಧ ತಂತ್ರಾಂಶಗಳ ಕಡತಗಳ ಅಂಕಮಾಲೆಗಳ ಒಂದು ಬೃಹತ್ಕೋಶವನ್ನು ನಡೆಸುತ್ತಿದೆ. ವಶಪಡಿಸಿಕೊಂಡ ಗಣಕದಲ್ಲಿ ಲಕ್ಷಾಂತರ ಕಡತಗಳಿದ್ದರೆ, ಕೋಶದಲ್ಲಿ ಗುರುತು ಸಿಕ್ಕಿದವನ್ನು ಬದಿಗಿಟ್ಟು ಉಳಿದವನ್ನು ಮಾತ್ರ ತನಿಖೆಗಾರರು ಪರೀಕ್ಷಿಸುತ್ತಾರೆ.

ವಿಂಡೋಸಿನಲ್ಲಿಯೂ ಇಂಥ ತಪಾಸಣೆಯ ವ್ಯವಸ್ಥೆಯುಂಟು. ಅದು ಹುಟ್ಟಿದ್ದು ವೈರಸ್ಸಿನ ಭಯದಿಂದಲ್ಲ. 1990ರ ದಶಕದಲ್ಲಿ ಹೊಸ ಪ್ರೋಗ್ರಾಮೊಂದನ್ನು ಹಾಕಿದರೆ ಅದು ಎಲ್ಲ ಪ್ರೋಗ್ರಾಮುಗಳಿಗೂ ಸಾಮಾನ್ಯವಾದ, ಡಿಎಲ್‌ಎಲ್ ಎಂಬ ಬಗೆಯ ಕಡತದ ಮೇಲೆ ತನ್ನ ಹಳೆಯ ಪ್ರತಿಯನ್ನು ಬರೆದುಬಿಡುತ್ತಿತ್ತು. ಹೊಸದು ಓಡುತ್ತಿತ್ತು, ಮೊದಲಿದ್ದ ನಾಲ್ಕು ನಿಂತುಹೋಗುತ್ತಿದ್ದವು. ಗಣಕವೃತ್ತಿಯವರು ಬೇಸತ್ತು ಇದನ್ನು ಡಿಎಲ್‌ಎಲ್ ನರಕವೆಂದೇ ಕರೆದರು. 2000ನೆಯ ಇಸವಿಯ ವಿಂಡೋಸ್, ಮುಖ್ಯ ಕಡತ ಬದಲಾದರೆ ಬಚ್ಚಿಟ್ಟ ಪ್ರತಿಯಿಂದ ಅದನ್ನು ತಾನೇ ಮರಳಿ ತುಂಬುವುದನ್ನು ಕಲಿಯಿತು. ಆಮೇಲೆ ಬಂದ ವಿಸ್ಟಾ ಆವೃತ್ತಿಯಿಂದ ಈ ಕಡತಗಳ ಒಡೆತನವೇ 'ಟ್ರಸ್ಟೆಡ್ ಇನ್‌ಸ್ಟಾಲರ್' ಎಂಬ ವಿಶೇಷ ಅಧಿಕಾರಿಗೆ ಹೋಯಿತು; ಯಂತ್ರದ ಆಡಳಿತಗಾರನೂ ಸುಲಭವಾಗಿ ಅವನ್ನು ಮುಟ್ಟುವಂತಿಲ್ಲ. ಪೂರ್ಣ ತಪಾಸಣೆ ಬೇಕಾದರೆ ಆಡಳಿತಗಾರನ ಅಧಿಕಾರದಿಂದ ಕಮಾಂಡ್ ಪ್ರಾಂಪ್ಟ್ ತೆರೆದು, ಎಸ್ ಎಫ್ ಸಿ ಎಂಬ ಮೂರಕ್ಷರ, ಒಂದು ತೆರಪು, ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿಕೊಂಡಂತೆ ಸ್ಕ್ಯಾನ್ ನೌ ಎಂಬೆರಡು ಪದಗಳನ್ನು ನಡುವೆ ತೆರಪಿಲ್ಲದೆ ಬರೆದು ಎಂಟರ್ ಒತ್ತಬೇಕು. ಸ್ವಲ್ಪ ಹೊತ್ತು ಹಿಡಿಯುತ್ತದೆ, ನಡುವೆ ನಿಲ್ಲಿಸಬಾರದು.

ಇಲ್ಲಿಯೊಂದು ಮಿತಿಯನ್ನು ತಾವು ಗಮನಿಸಬೇಕು. ಬಹಳ ಜನ ಗಮನಿಸುವುದಿಲ್ಲ. ಈ ತಪಾಸಣೆ ನೋಡುವುದು ಇರಬೇಕಾದ ಕಡತಗಳು ಕೆಡದೆ ಇವೆಯೇ ಎಂಬುದನ್ನು ಮಾತ್ರ. ಇರಬಾರದ್ದು ಏನಾದರೂ ಇದೆಯೇ ಎಂದು ಅದು ಕೇಳುವುದೇ ಇಲ್ಲ. ಕೇಳಲೂ ಬಾರದು. ಏಕೆಂದರೆ ಹೊರಗಿನಿಂದ ಬಂದುದೆಲ್ಲ ಸಲ್ಲದ್ದೆಂದು ಹೇಳಲಾಗದು. ಪ್ರಿಂಟರಿನ, ಸ್ಕ್ಯಾನರಿನ ಡ್ರೈವರುಗಳನ್ನು ಬೇರೆ ಸಂಸ್ಥೆಗಳು ಬರೆದಿರುತ್ತವೆ; ಆದರೂ ಅವು ಸಿಸ್ಟಮ್ 32ರಲ್ಲಿ ನ್ಯಾಯವಾಗಿಯೇ ವಾಸಿಸುತ್ತವೆ. ಕನ್ನಡದ್ದೇ ನಿದರ್ಶನ ಕೊಡುವುದಾದರೆ, ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬಲ್ಲಿ ಹೋಗಿ ನೋಡಬೇಕು. ತುಂಗಾ ಎಂಬ ಕನ್ನಡ ಅಕ್ಷರಶೈಲಿ ವಿಂಡೋಸ್ ಎಕ್ಸ್‌ಪಿಯ ಜೊತೆಯಲ್ಲಿಯೇ ಬಂದುದು. ನುಡಿ ತಂತ್ರಾಂಶದ ಅಕ್ಷರಶೈಲಿಗಳು ನಾವು ಹೊರಗಿನಿಂದ ತಂದು ಹಾಕಿದವು. ಎರಡೂ ಅಲ್ಲಿ ಸಲ್ಲುತ್ತವೆ. ಇನ್ನು, ವಿಂಡೋಸ್ 10ರಲ್ಲಿ ತುಂಗಾ ಕೇಳಿ ಹಾಕಿಸಿಕೊಳ್ಳಬೇಕಾದ ಐಚ್ಛಿಕ ವಸ್ತುವಾಗಿರುವುದರಿಂದ ಹೊಸ ಯಂತ್ರದಲ್ಲಿ ಅದು ಕಾಣದೆ ಇರಬಹುದು. ಅಲ್ಲಿ ಇಲ್ಲದಿರುವುದೂ ಅಪಾಯದ ಲಕ್ಷಣವಲ್ಲ.

ಸಲ್ಲುವ ಕಡತವನ್ನು ಗುರುತಿಸುವ ನಾಲ್ಕು ಪ್ರಮಾಣಗಳನ್ನೂ ವಿವರಿಸಿದಂತಾಯಿತು. ಆದರೆ ಸಲ್ಲುವ ಕಡತವೆಂದ ಮಾತ್ರಕ್ಕೆ ನಿರಪಾಯವೆಂದು ಹೇಳಬಹುದೇ?

2024ರ ಜುಲೈ 19ರಂದು ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಒಂಬತ್ತೂವರೆ ದಾಟಿತ್ತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ತನ್ನ ಗ್ರಾಹಕರ ಯಂತ್ರಗಳಿಗೆ ಒಂದು ಸಣ್ಣ ಪರಿಷ್ಕರಣವನ್ನು ಕಳುಹಿಸಿತು. ಆ ಕಡತ ಹೋಗಿ ಕುಳಿತದ್ದು ಡ್ರೈವರ್ಸ್ ಫೋಲ್ಡರಿನೊಳಗೆ ಆ ಸಂಸ್ಥೆಗೆಂದೇ ಇದ್ದ ಸ್ಥಳದಲ್ಲಿ. ಕಳುಹಿಸಿದವರು ಪ್ರಾಮಾಣಿಕರು, ಸ್ಥಳ ಸರಿ, ಅಧಿಕಾರ ಸರಿ. ಒಳಗಿನ ದತ್ತಾಂಶದಲ್ಲಿ ಮಾತ್ರ ಒಂದು ದೋಷವಿತ್ತು. ಅದನ್ನು ಓದಹೊರಟ ಯಂತ್ರಗಳು ನೀಲಿ ಪರದೆಯನ್ನು ತೋರಿಸಿ ಕುಸಿದವು, ಎದ್ದವು, ಮತ್ತೆ ಕುಸಿದವು. ಸುಮಾರು ಒಂದೂಕಾಲು ಗಂಟೆಯೊಳಗೆ ತಪ್ಪನ್ನು ಹಿಂತೆಗೆದುಕೊಂಡರೂ ಅಷ್ಟರಲ್ಲಿ ಸುಮಾರು 85 ಲಕ್ಷ ಯಂತ್ರಗಳು ಕೆಟ್ಟಿದ್ದವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಬೆಂಗಳೂರು ಮೊದಲಾದ ನಮ್ಮ ವಿಮಾನನಿಲ್ದಾಣಗಳಲ್ಲಿಯೂ ಪ್ರಯಾಣಿಕರ ಸಾಲು ಬೆಳೆಯಿತು. ಸಿಬ್ಬಂದಿ ಕೈಬರಹಕ್ಕೆ ಮರಳಿದರು. ಪರಿಹಾರವೇನಾಗಿತ್ತು ಬಲ್ಲಿರಾ? ಯಂತ್ರವನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ ಫೋಲ್ಡರಿಗೆ ಹೋಗಿ, ಹೆಸರಿನಲ್ಲಿ 291 ಎಂಬ ಅಂಕಿಯುಳ್ಳ ಆ ಕಡತವನ್ನು ಕೈಯಾರೆ ಅಳಿಸುವುದು. ಕರಡಿಮರಿಯ ಪತ್ರ ಹೇಳಿದ್ದೂ ಕೇಳಲು ಹೆಚ್ಚುಕಡಿಮೆ ಇದನ್ನೇ. ಒಂದು ಸುಳ್ಳು, ಒಂದು ನಿಜ. ಭೇದವಿದ್ದುದು ಹೇಳಿದವರಲ್ಲಿ: ಇಲ್ಲಿ ಕಡತವನ್ನು ತಯಾರಿಸಿದ ಸಂಸ್ಥೆಯೇ, ತನ್ನ ಅಧಿಕೃತ ಸ್ಥಳದಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಿತು.

ಕಾವಲುಗಾರನೂ ತಪ್ಪುವುದುಂಟು. 2010ರ ಏಪ್ರಿಲಿನಲ್ಲಿ ಮ್ಯಾಕಾಫೀ ಸಂಸ್ಥೆಯ ವೈರಸ್ ನಿರೋಧಕವು ವಿಂಡೋಸ್ ಎಕ್ಸ್‌ಪಿಯ ಯಂತ್ರಗಳಲ್ಲಿದ್ದ ಸಾಚಾ ಎಸ್‌ವಿಸಿಹೋಸ್ಟನ್ನೇ ವೈರಸ್ಸೆಂದು ಭ್ರಮಿಸಿ ಕಿತ್ತುಹಾಕಿತು. ಯಂತ್ರಗಳು ಜಾಲಸಂಪರ್ಕವನ್ನು ಕಳೆದುಕೊಂಡು, ಮತ್ತೆ ಮತ್ತೆ ತಾವೇ ಪುನರಾರಂಭವಾಗತೊಡಗಿದವು. ಆದುದರಿಂದ ಸಂದೇಹ ಬಂದೊಡನೆ ಅಳಿಸುವುದು ವಿವೇಕವಲ್ಲ. ಕಡತದ ಅಂಕಮಾಲೆಯನ್ನು ವೈರಸ್‌ಟೋಟಲ್ ಎಂಬ ಜಾಲತಾಣದಲ್ಲಿ ಹುಡುಕಿದರೆ ಹಲವು ಹತ್ತು ನಿರೋಧಕಗಳ ಅಭಿಪ್ರಾಯ ಒಟ್ಟಿಗೆ ತಿಳಿಯುತ್ತದೆ. ಕಡತವನ್ನೇ ಅಲ್ಲಿಗೆ ಏರಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಸ್ವಂತ ದಾಖಲೆಗಳನ್ನಂತೂ ಏರಿಸಲೇಬಾರದು. ಏರಿಸಿದ್ದನ್ನು ಇತರರೂ ನೋಡಬಲ್ಲರು. ಐವತ್ತಕ್ಕೂ ಹೆಚ್ಚು ನಿರೋಧಕಗಳಲ್ಲಿ ಒಂದೋ ಎರಡೋ ಮಾತ್ರ ಆಕ್ಷೇಪಿಸಿದರೆ ಅದು ಹೆಚ್ಚಾಗಿ ಭ್ರಮೆ. ಬಹುಪಾಲು ಆಕ್ಷೇಪಿಸಿದರೆ ಆಗ ತಿಳಿದವರನ್ನು ಕರೆಯಿರಿ.

ಕೊನೆಯದಾಗಿ ಒಂದು ಮಾತು. ಸಲ್ಲುವ ಕಡತವನ್ನು ಅಪವಾದಕ್ಕೀಡುಮಾಡುವ ಹಳೆಯ ವಿದ್ಯೆ ಈಗ ದೂರವಾಣಿಗೆ ಬಂದಿದೆ. ಕರೆಮಾಡಿದವನು ತಾನು ವಿಂಡೋಸ್ ಕಚೇರಿಯವನೆನ್ನುತ್ತಾನೆ. ಐಎನ್ಎಫ್ ಎಂಬ ಫೋಲ್ಡರನ್ನು ತೆರೆಸಿ, ಅದು ಇನ್ಫೆಕ್ಷನ್, ಸೋಂಕು, ಎನ್ನುತ್ತಾನೆ. ಅಲ್ಲಿರುವುದು ಸಲಕರಣೆಗಳನ್ನು ಜೋಡಿಸುವ ವಿವರಗಳು. ಪ್ರತಿಯೊಂದು ವಿಂಡೋಸ್ ಯಂತ್ರದಲ್ಲಿಯೂ ಇರತಕ್ಕವು. ಆಮೇಲೆ ಒಂದು ಆಜ್ಞೆಯನ್ನು ಬರೆಯಿಸಿ, ಪರದೆಯ ಮೇಲೆ ಮೂಡಿದ ಉದ್ದನೆಯ ಸಂಖ್ಯೆಯೊಂದನ್ನು ತಾನೇ ಓದಿ ಹೇಳಿ, ಇದು ನಿಮ್ಮ ಯಂತ್ರದ ಗುಪ್ತಸಂಖ್ಯೆ, ನನಗೆ ಗೊತ್ತಿದೆ ನೋಡಿ, ಎಂದು ನಂಬಿಸುತ್ತಾನೆ. ಎಂಟು ಎಂಟು ಎಂಟು ಡಿಸಿಎ ಎಂದು ಆರಂಭವಾಗುವ ಆ ಸಂಖ್ಯೆ ತಮ್ಮ ನೆರೆಮನೆಯ ಯಂತ್ರದಲ್ಲಿಯೂ ಅದೇ, ಅಮೆರಿಕದ ಯಂತ್ರದಲ್ಲಿಯೂ ಅದೇ. ತರುವಾಯ ದೂರದಿಂದಲೇ ಯಂತ್ರವನ್ನು ನಡೆಸುವ ತಂತ್ರಾಂಶವೊಂದನ್ನು ಹಾಕಿಸಿ, ಶುಲ್ಕ ಕೇಳುತ್ತಾನೆ. ಮೈಕ್ರೋಸಾಫ್ಟ್ ತಾನಾಗಿ ಯಾರ ಮನೆಗೂ ಹೀಗೆ ಕರೆಮಾಡುವುದಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಈ ಸಂಗತಿಯನ್ನು ಅವರಿಗೆ ಇಂದೇ ಹೇಳಿ. ಕರೆ ಬಂದರೆ ಮಾತು ಬೆಳೆಸದೆ ಇಟ್ಟುಬಿಡಲಿ. ಹಣ ಕೈಬಿಟ್ಟು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿರಿ. ಸೈಬರ್ ವಂಚನೆಯ ದೂರುಗಳಿಗೆಂದು ದೇಶಕ್ಕೆಲ್ಲ ಇರುವ ಸಹಾಯವಾಣಿ ಅದು.